ಅಂಗವಿಕಲರ ಪಗಾರಕ್ಕೆ ಯಾವ ದಾಖಲೆ, ಯಾರ ಮುಂದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹಳ್ಳಿಗಳಲ್ಲಿ ಅರ್ಹತೆ ಇದ್ದೂ ಅಂಗವಿಕಲರ ಪಗಾರ, ಅಂದರೆ ಸರ್ಕಾರ ತಿಂಗಳಿಗೆ ಕೊಡುವ ಪಿಂಚಣಿ, ಸಿಗದವರು ಬಹಳ ಜನ ಇದ್ದಾರೆ. ಗಾಣಕ್ಕೆ ಸಿಕ್ಕು ಕೈ ಹೋಗಿದ್ದು ಊರಿಗೆಲ್ಲ ಗೊತ್ತಿರುತ್ತದೆ. ಅದನ್ನು ಹೇಳುವ ಒಂದು ಕಾಗದ ಮಾತ್ರ ಮನೆಯಲ್ಲಿ ಇರುವುದಿಲ್ಲ. ಇನ್ನು ಕೆಲವರ ಹತ್ತಿರ ಚೀಲದ ತುಂಬ ಕಾಗದ. ಯಾವುದನ್ನು ಯಾರಿಗೆ ತೋರಿಸಬೇಕು ಅನ್ನುವುದು ಗೊತ್ತಿಲ್ಲ. ಇಂಥವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ನಿಮ್ಮ ಓಣಿಯಲ್ಲಿ ಓದು ಬಾರದವರು ಇದ್ದರೆ ದಯವಿಟ್ಟು ಓದಿ ಹೇಳಿ.

ಮೊದಲು ಆಸ್ಪತ್ರೆಗೆ ಹೋಗಬೇಕಾ, ನಾಡಕಚೇರಿಗಾ?

ಆಸ್ಪತ್ರೆಗೆ. ಪಗಾರದ ಅರ್ಜಿ ಎರಡು ಟೇಬಲ್ ದಾಟಬೇಕು. ಮೊದಲನೆಯದು ಆಸ್ಪತ್ರೆ. ಅಲ್ಲಿ ನೋಡುವುದು ದೇಹಕ್ಕೋ ಮನಸ್ಸಿಗೋ ಎಷ್ಟು ಊನ ಆಗಿದೆ ಅನ್ನುವುದನ್ನು ಮಾತ್ರ. ನೀವು ಬಡವರಾ, ಮನೆಯಲ್ಲಿ ದುಡಿಯುವವರು ಯಾರು ಅಂತ ಡಾಕ್ಟರ್ ಕೇಳುವುದಿಲ್ಲ. ಎರಡನೆಯದು ಕಂದಾಯ ಇಲಾಖೆ, ಅಂದರೆ ನಾಡಕಚೇರಿ, ತಲಾಠಿ (ಊರಿನ ಗ್ರಾಮ ಲೆಕ್ಕಿಗರು), ತಹಶೀಲ್ದಾರ್. ಅಲ್ಲಿ ನೋಡುವುದು ಆದಾಯ, ವಾಸ, ಆಧಾರ್, ಬ್ಯಾಂಕ್ ಖಾತೆ. ಡಾಕ್ಟರ್ ಬರೆದ ಪರ್ಸೆಂಟನ್ನು ತಲಾಠಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ.

ಜನ ಈ ಎರಡನ್ನು ಅದಲು ಬದಲು ಮಾಡುತ್ತಾರೆ. ಊನ ಎಷ್ಟು ಅಂತ ನೋಡುವ ಮೆಡಿಕಲ್ ಬೋರ್ಡಿನ ಡಾಕ್ಟರ ಮುಂದೆ ನಿಂತು ಸಾಲದ ಕಷ್ಟ ಹೇಳುತ್ತಾರೆ. ತಲಾಠಿಯ ಮುಂದೆ ಎಕ್ಸ್‌ರೇ ಹರಡುತ್ತಾರೆ. ಎರಡೂ ಕಡೆ ಸಮಯ ಹೋಗುತ್ತದೆ, ಕೇಳಬೇಕಾದ ಮಾತು ಕೇಳದೆ ಉಳಿಯುತ್ತದೆ. ಹಾಗಾಗಿ ಮೊದಲ ದಿನದಿಂದಲೇ ಎರಡು ಬೇರೆ ಫೈಲ್ ಮಾಡಿಕೊಳ್ಳಿ. ಒಂದು ಆಸ್ಪತ್ರೆಯದು, ಇನ್ನೊಂದು ಕಚೇರಿಯದು.

ಎಷ್ಟು ಪರ್ಸೆಂಟ್ ಇದ್ದರೆ ಎಷ್ಟು ಪಗಾರ?

ಕನಿಷ್ಠ 40 ಪರ್ಸೆಂಟ್ ಊನ ಇರಬೇಕು. 40ರಿಂದ 75ರ ಒಳಗೆ ಇದ್ದರೆ ತಿಂಗಳಿಗೆ 800 ರೂಪಾಯಿ. 75 ಮತ್ತು ಅದಕ್ಕಿಂತ ಜಾಸ್ತಿ ಇದ್ದರೆ 1,400 ರೂಪಾಯಿ. ಕುಟುಂಬದ ವರ್ಷದ ಆದಾಯ 32,000 ರೂಪಾಯಿ ದಾಟಿರಬಾರದು. ಹಣ ಕಡಿಮೆ ಅನ್ನುತ್ತೀರಿ, ಒಪ್ಪುತ್ತೇವೆ. ಆದರೆ ಡಾಕ್ಟರು ಪರ್ಸೆಂಟ್ ಬರೆದು ಕೊಡುವ ಸರ್ಟಿಫಿಕೇಟ್ ಬಸ್ ಪಾಸಿಗೆ, ಸ್ಕಾಲರ್‌ಶಿಪ್ಪಿಗೆ, ನೌಕರಿಯ ಮೀಸಲಾತಿಗೆ ಎಲ್ಲದಕ್ಕೂ ಬೇಕು. ಹಾಗಾಗಿ ಪಗಾರ ಬರಲಿ ಬಿಡಲಿ, ಸರ್ಟಿಫಿಕೇಟ್ ಮಾಡಿಸಿಡಿ.

ಯುಡಿಐಡಿ ಅರ್ಜಿ ಎಲ್ಲಿ ಹಾಕುವುದು? ಏನೇನು ಬೇಕು?

ಯುಡಿಐಡಿ ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್. ಅದರ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಸ್ವಂತ ಮೊಬೈಲಿನಲ್ಲಿಯೂ ಹಾಕಬಹುದು, ಊರಿನ ಸೇವಾ ಕೇಂದ್ರದಲ್ಲಿಯೂ ಹಾಕಿಸಬಹುದು. 2021ರ ಜೂನ್ 1ರಿಂದ ದೇಶದಲ್ಲೆಲ್ಲ ಅಂಗವಿಕಲತೆಯ ಸರ್ಟಿಫಿಕೇಟ್ ಈ ಪೋರ್ಟಲ್ ಮೂಲಕವೇ ಕೊಡಬೇಕು. ಕೈಯಲ್ಲಿ ಬರೆದು ಕೊಟ್ಟ ಚೀಟಿ ಈಗ ನಡೆಯುವುದಿಲ್ಲ.

ಆಧಾರ್ ಕಾರ್ಡ್, ಇತ್ತೀಚಿನ ಫೋಟೋ, ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಬೇಕು. ಮೊಬೈಲ್ ನಂಬರ್ ನಿಮ್ಮ ಮನೆಯದೇ ಇರಲಿ. ಅಂಗಡಿಯವನ ನಂಬರ್ ಹಾಕಿಸಿದರೆ ಬೋರ್ಡಿಗೆ ಬನ್ನಿ ಅನ್ನುವ ಮೆಸೇಜ್ ಅವನಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಅರ್ಜಿ ಹಾಕಿದ ಮೇಲೆ ಬರುವ ನೋಂದಣಿ ಸಂಖ್ಯೆಯ ಪ್ರಿಂಟ್ ತೆಗೆದುಕೊಳ್ಳಿ.

ಆಸ್ಪತ್ರೆ ಆಯ್ಕೆ ಮಾಡುವಾಗ ನಿಮ್ಮ ಜಿಲ್ಲೆಯದೇ ಇರಲಿ. ಬೆಳಗಾವಿಯವರಿಗೆ ಬಿಮ್ಸ್, ಬಾಗಲಕೋಟೆಯವರಿಗೆ ನವನಗರದ ಜಿಲ್ಲಾ ಆಸ್ಪತ್ರೆ, ವಿಜಯಪುರದವರಿಗೆ ಅಲ್ಲಿಯ ಜಿಲ್ಲಾ ಆಸ್ಪತ್ರೆ. ತಾಲೂಕು ಆಸ್ಪತ್ರೆಯಲ್ಲಿ ನಿಮ್ಮ ತೊಂದರೆಯ ತಜ್ಞರು ಇದ್ದರೆ ಅಲ್ಲಿಯೂ ಆಗಬಹುದು. ಅಥಣಿ, ಖಾನಾಪುರ, ಮುದ್ದೇಬಿಹಾಳ, ಹುನಗುಂದದಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ. ಬೋರ್ಡ್ ಕೂರುವ ದಿನ ಯಾವುದು, ಆ ದಿನ ಯಾವ ತಜ್ಞರು ಇರುತ್ತಾರೆ ಅಂತ ಮೊದಲೇ ಕೇಳಿಕೊಂಡು ಬಸ್ ಹತ್ತಿ.

ಕಾಲು ಇಲ್ಲದಿರುವುದು ಕಣ್ಣಿಗೆ ಕಾಣುತ್ತದಲ್ಲ, ಹಳೆ ಕಾಗದ ಯಾಕೆ ಬೇಕು?

ಕಾಣುವುದಕ್ಕೆ ಅಷ್ಟೊಂದು ಕಾಗದ ಬೇಕಿಲ್ಲ, ಸರಿ. ಆದರೆ ಕಾಣದ ಸಂಗತಿ ಬಹಳ ಇರುತ್ತವೆ. ಕಾಲು ಇದೆ, ಬಲ ಇಲ್ಲ. ಕೈ ಇದೆ, ಮುಷ್ಟಿ ಕಟ್ಟಲು ಬರುವುದಿಲ್ಲ. ಬೋರ್ಡಿನ ಡಾಕ್ಟರ್ ನಿಮ್ಮನ್ನು ನೋಡುವುದು ಕೆಲವೇ ನಿಮಿಷ. ಇದು ಯಾವಾಗಿನಿಂದ ಇದೆ, ಚಿಕಿತ್ಸೆ ಆಯಿತಾ, ಇನ್ನು ಸುಧಾರಿಸುವ ಆಸೆ ಇದೆಯಾ ಅನ್ನುವುದನ್ನು ಅವರು ತಿಳಿಯುವುದು ಕಾಗದದಿಂದಲೇ. ಇನ್ನೂ ಸುಧಾರಿಸಬಹುದು ಅಂತ ಕಂಡರೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ, ಇಲ್ಲವೇ ಚಿಕಿತ್ಸೆ ಮುಗಿಸಿ ಬನ್ನಿ ಅನ್ನುತ್ತಾರೆ. ಲಕ್ವ ಹೊಡೆದ ಹೊಸದರಲ್ಲಿ ಹೋದವರಿಗೆ ಹೀಗಾಗುವುದು ಜಾಸ್ತಿ.

ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಕಾಗದ ಡಿಸ್‌ಚಾರ್ಜ್ ಸಮ್ಮರಿ. ಏನಾಯಿತು, ಯಾವಾಗ ಆಯಿತು, ಏನು ಆಪರೇಷನ್ ಮಾಡಿದರು ಎಲ್ಲ ಅದರಲ್ಲಿ ಇರುತ್ತದೆ. ಅದರ ನಂತರ ಎಕ್ಸ್‌ರೇ, ಎಂಆರ್‌ಐ ರಿಪೋರ್ಟ್. ಫಿಲ್ಮ್ ಜೊತೆ ರಿಪೋರ್ಟಿನ ಹಾಳೆಯೂ ಇರಲಿ. ಗುಳಿಗೆ ಚೀಟಿಗಳನ್ನು ಎಲ್ಲ ಹೊತ್ತುಕೊಂಡು ಹೋಗಬೇಡಿ. ಮೊದಲನೆಯದು, ನಡುವಿನ ಒಂದೆರಡು, ಕೊನೆಯದು ಸಾಕು. ತಾರೀಖಿನ ಪ್ರಕಾರ ಹಳೆಯದು ಕೆಳಗೆ, ಹೊಸದು ಮೇಲೆ ಜೋಡಿಸಿ. ಮೂಲ ಪ್ರತಿ ತೋರಿಸಿ, ಝೆರಾಕ್ಸ್ ಕೊಡಿ. ಮೂಲವನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಮಿರಜ್‌ನಲ್ಲಿ ಆಪರೇಷನ್ ಆಗಿತ್ತು. ಕಾಗದವೆಲ್ಲ ಮರಾಠಿಯಲ್ಲಿವೆ. ನಡೆಯುತ್ತದಾ?

ನಡೆಯುತ್ತದೆ. ಚಿಕ್ಕೋಡಿ, ಅಥಣಿ, ಕಾಗವಾಡದ ಜನ ಮಿರಜ್, ಸಾಂಗ್ಲಿ, ಕೊಲ್ಹಾಪುರಕ್ಕೆ ಹೋಗುತ್ತಾರೆ. ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ ಹೋಗುತ್ತಾರೆ. ಚಿಕಿತ್ಸೆ ಯಾವ ರಾಜ್ಯದಲ್ಲಿ ಆಯಿತು ಅನ್ನುವುದು ಅಡ್ಡಿ ಆಗಬಾರದು. ಡಾಕ್ಟರು ಬರೆಯುವ ಮುಖ್ಯ ಭಾಗ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಸರ್ಟಿಫಿಕೇಟ್ ಮಾತ್ರ ನೀವು ವಾಸ ಇರುವ ಕರ್ನಾಟಕದ ಜಿಲ್ಲೆಯಲ್ಲಿ ಮಾಡಿಸಿ. ಇಲ್ಲಿ ಪಗಾರ ಬೇಕಾದರೆ ಆಧಾರ್ ವಿಳಾಸವೂ ಇಲ್ಲಿಯದೇ ಇರಬೇಕು. ಗಡಿ ಊರುಗಳಲ್ಲಿ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಆಧಾರ್ ಇನ್ನೂ ಮಹಾರಾಷ್ಟ್ರದ ತವರಿನ ವಿಳಾಸದಲ್ಲೇ ಇರುತ್ತದೆ. ಮೊದಲು ಅದನ್ನು ಬದಲಿಸಿಕೊಳ್ಳಿ.

ಕಾಗದ ಎಲ್ಲ ಹೊಳಿ ನೀರಿಗೆ ಹೋದವು. ಈಗ ಏನು ಮಾಡುವುದು?

ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಒಂದು ಅರ್ಜಿ ಬರೆದು ಕೊಡಿ. ಹೆಸರು, ಅಡ್ಮಿಟ್ ಆದ ಸುಮಾರು ತಿಂಗಳು ಮತ್ತು ವರ್ಷ, ಐಪಿ (ಒಳರೋಗಿ) ನಂಬರ್ ಗೊತ್ತಿದ್ದರೆ ಅದು, ಇಷ್ಟು ಬರೆದು ಕೇಸ್ ಶೀಟಿನ ನಕಲು ಕೇಳಿ. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮದ ಪ್ರಕಾರ ಡಾಕ್ಟರು ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿಯೋ ಅವರ ಕಡೆಯವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಟ್ಟ ಅರ್ಜಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಸುಮ್ನೆ ಬಾಯಿಮಾತಿನಲ್ಲಿ ಕೇಳಿದರೆ "ನಾಳೆ ಬರ್ರಿ" ಅನ್ನುವುದು ಮುಗಿಯುವುದೇ ಇಲ್ಲ.

3 ವರ್ಷ ದಾಟಿದ್ದರೂ ಕೇಳಿ ನೋಡಿ, ದೊಡ್ಡ ಆಸ್ಪತ್ರೆಗಳು ಎಷ್ಟೋ ಸಲ ಇನ್ನೂ ಇಟ್ಟಿರುತ್ತವೆ. ರಸ್ತೆ ಅಪಘಾತವಾಗಿದ್ದರೆ ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ಇರುತ್ತದೆ, ಗಾಯದ ಪ್ರಮಾಣಪತ್ರ ಇರುತ್ತದೆ. ಪರಿಹಾರಕ್ಕೆ ಕೇಸ್ ನಡೆದಿದ್ದರೆ ಆ ವಕೀಲರ ಫೈಲಿನಲ್ಲಿ ಎಲ್ಲ ಕಾಗದದ ನಕಲು ಸಿಗುತ್ತವೆ. ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಚಿಕ್ಕಂದಿನ ಪೋಲಿಯೋ ಆಗಿದ್ದರೆ ಹಳೆ ಕಾಗದ ಯಾರ ಹತ್ತಿರವೂ ಇರುವುದಿಲ್ಲ, ಡಾಕ್ಟರಿಗೂ ಅದು ಗೊತ್ತು. ಅಂಥವರು ಹಳೆಯದನ್ನು ಹುಡುಕುತ್ತ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ತೋರಿಸಿ, ಹೊಸ ಎಕ್ಸ್‌ರೇ ತೆಗೆಸಿ, ಅಲ್ಲಿಂದ ದಾಖಲೆ ಶುರು ಮಾಡಿ.

ಯಾವ ತೊಂದರೆಗೆ ಯಾವ ಪರೀಕ್ಷೆ ಕೇಳುತ್ತಾರೆ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಇವೆ. ಮೊದಲಿನ 1995ರ ಕಾಯ್ದೆಯಲ್ಲಿ 7 ಮಾತ್ರ ಇದ್ದವು. ಆಗ "ನಿನಗೆ ಬರುವುದಿಲ್ಲ" ಅಂತ ಹೇಳಿಸಿಕೊಂಡು ಮನೆಯಲ್ಲಿ ಕುಳಿತವರು ಈಗ ಮತ್ತೆ ಕೇಳಿ ನೋಡಬೇಕು. ತಲಸ್ಸೆಮಿಯಾ, ಸಿಕಲ್ ಸೆಲ್, ಹಿಮೋಫಿಲಿಯಾ, ಪಾರ್ಕಿನ್ಸನ್, ಸ್ನಾಯು ಕ್ಷಯ, ಆಸಿಡ್ ದಾಳಿ, ಕುಬ್ಜತೆ, ಆಟಿಸಂ ಎಲ್ಲ ಈಗ ಸೇರಿವೆ. ಕುಬ್ಜತೆಗೆ ದೊಡ್ಡವರಾದ ಮೇಲಿನ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಕಿವಿಗೆ ಆಡಿಯೋಗ್ರಾಂ, ಅಂದರೆ ಹೆಡ್‌ಫೋನ್ ಹಾಕಿ ಮಾಡುವ ಶ್ರವಣ ಪರೀಕ್ಷೆ. ಎರಡೂ ಕಿವಿಯಲ್ಲಿ 60 ಡೆಸಿಬಲ್ ಅಥವಾ ಹೆಚ್ಚು ನಷ್ಟ ಇರಬೇಕು. ಒಂದೇ ಕಿವಿ ಕೇಳಿಸದಿದ್ದರೆ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಮಕ್ಕಳಿಗೆ, ಹೆಡ್‌ಫೋನಿಗೆ ಉತ್ತರ ಕೊಡಲಾಗದವರಿಗೆ ಬೆರಾ ಪರೀಕ್ಷೆ, ಅಂದರೆ ಶಬ್ದಕ್ಕೆ ಮಿದುಳಿನ ಸ್ಪಂದನೆ ಅಳೆಯುವ ಪರೀಕ್ಷೆ, ಮಾಡುತ್ತಾರೆ. ನೆಗಡಿ ಇದ್ದಾಗ, ಕಿವಿ ಸೋರುತ್ತಿರುವಾಗ ಹೋಗಬೇಡಿ.

ಬುದ್ಧಿಮಾಂದ್ಯತೆಗೆ ಮನಶ್ಶಾಸ್ತ್ರಜ್ಞರು ಬುದ್ಧಿಮತ್ತೆಯ ಪರೀಕ್ಷೆ ಮಾಡುತ್ತಾರೆ. ಜೊತೆಗೆ ಮಗು ತಾನೇ ಉಣ್ಣುತ್ತದಾ, ಬಟ್ಟೆ ಹಾಕಿಕೊಳ್ಳುತ್ತದಾ, ಅಂಗಡಿಗೆ ಹೋಗಿ ಬರುತ್ತದಾ ಅಂತ ತಾಯಿಯನ್ನು ಕೇಳಿ ಅಂಕ ಹಾಕುತ್ತಾರೆ. ಅದಕ್ಕೇ ಮಗುವಿನ ಜೊತೆ ದಿನವೂ ಇರುವವರೇ ಹೋಗಬೇಕು. ಕೂಲಿಗೆ ಹೋಗುವ ತಂದೆಗಿಂತ ಮನೆಯಲ್ಲಿ ನೋಡಿಕೊಳ್ಳುವ ಅಜ್ಜಿಗೆ ಹೆಚ್ಚು ಗೊತ್ತಿರುತ್ತದೆ ಅಲ್ವಾ? ಅಜ್ಜಿಯನ್ನೂ ಕರೆದುಕೊಂಡು ಹೋಗಿ. ರಕ್ತದ ಕಾಯಿಲೆಗಳಿಗೆ ಲ್ಯಾಬ್ ರಿಪೋರ್ಟ್ ಮತ್ತು ಎಷ್ಟು ಸಲ ರಕ್ತ ಹಾಕಿಸಿದ್ದೀರಿ ಅನ್ನುವ ದಾಖಲೆ ಇಟ್ಟುಕೊಳ್ಳಿ.

ಡಯಾಲಿಸಿಸ್ ಮಾಡಿಸುತ್ತಿದ್ದೇನೆ. ನನಗೆ ಸಿಗುತ್ತದಾ?

ಕಿಡ್ನಿ, ಹೃದಯ, ಕ್ಯಾನ್ಸರ್, ಸಕ್ಕರೆ ಕಾಯಿಲೆ ಈ 21ರ ಪಟ್ಟಿಯಲ್ಲಿ ಇಲ್ಲ. ಎಷ್ಟೇ ಕಷ್ಟ ಇದ್ದರೂ ಈ ದಾರಿಯಲ್ಲಿ ಸಿಗುವುದಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿದ್ದರೆ, ಕಣ್ಣು ಹೋಗಿದ್ದರೆ ಆ ಕಾಲಿಗೆ, ಆ ಕಣ್ಣಿಗೆ ಸರ್ಟಿಫಿಕೇಟ್ ಕೇಳಬಹುದು.

ಒಂದು ಕಣ್ಣು ಪೂರ್ತಿ ಹೋಗಿದೆ. ಆದರೂ 30 ಅಂತ ಬರೆದಿದ್ದಾರೆ. ಇದು ಅನ್ಯಾಯ ಅಲ್ವಾ?

ಡಾಕ್ಟರು ತಮಗೆ ತೋಚಿದ್ದನ್ನು ಬರೆದಿಲ್ಲ. ಕೇಂದ್ರದ ಮಾರ್ಗಸೂಚಿಯಲ್ಲೇ ಹಾಗಿದೆ. ಕಣ್ಣಿನ ಲೆಕ್ಕ ಚೆನ್ನಾಗಿ ಕಾಣುವ ಕಣ್ಣಿನ ಮೇಲೆ ನಿಲ್ಲುತ್ತದೆ, ಅದೂ ಚಶ್ಮಾ ಹಾಕಿಕೊಂಡ ಮೇಲೆ. ಇನ್ನೊಂದು ಕಣ್ಣು ಸರಿ ಇದ್ದರೆ 30 ಪರ್ಸೆಂಟ್. ಹತ್ತಿ ಬಿಡಿಸುವಾಗ ಕಡ್ಡಿ ಚುಚ್ಚಿ, ಕಲ್ಲು ಒಡೆಯುವಾಗ ಚೂರು ಸಿಡಿದು ಕಣ್ಣು ಕಳೆದುಕೊಂಡವರಿಗೆ ಈ ಮಾತು ಹೇಳುವುದು ಬಹಳ ಕಷ್ಟ. ಆದರೆ 30 ಇದ್ದರೆ ಪಗಾರ ಆಗುವುದಿಲ್ಲ.

ಇಲ್ಲಿ ಒಂದು ಸಂಗತಿ ಗೊತ್ತಿರಲಿ. ಅದೇ ಮನುಷ್ಯನಿಗೆ ಬೇರೆ ಊನವೂ ಇದ್ದರೆ ಎರಡನ್ನೂ ಸೇರಿಸಿ ನೋಡುತ್ತಾರೆ. ಸುಮ್ನೆ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರ ಇದೆ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಬೇಕು. ಉಳಿದದ್ದನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಬೇಕು. ಬಂದದ್ದನ್ನು ದೊಡ್ಡ ಸಂಖ್ಯೆಗೆ ಕೂಡಿಸಬೇಕು. ಕಣ್ಣಿಗೆ 30, ಕಾಲಿಗೆ 20 ಅಂತ ಇಟ್ಟುಕೊಳ್ಳಿ. 90ರಲ್ಲಿ 30 ಹೋದರೆ 60. 60 ಗುಣಿಸು 20 ಅಂದರೆ 1,200. ಅದನ್ನು 90ರಿಂದ ಭಾಗಿಸಿದರೆ ಸುಮಾರು 13. ಒಟ್ಟು 43. ಅಂದರೆ 40 ದಾಟಿತು. ಹಾಗಾಗಿ ಅರ್ಜಿ ತುಂಬುವಾಗ ಒಂದೇ ತೊಂದರೆ ಬರೆದು ಸುಮ್ಮನಾಗಬೇಡಿ. ಹಳೆ ಮೂಳೆ ಮುರಿತದಿಂದ ಕಾಲು ಗಿಡ್ಡ ಆಗಿರುವುದು, ಕಿವಿ ಮಂದ ಆಗಿರುವುದು, ಎಲ್ಲವನ್ನೂ ಹೇಳಿ, ಎಲ್ಲದಕ್ಕೂ ಪರೀಕ್ಷೆ ಕೇಳಿ.

ಮಾನಸಿಕ ಕಾಯಿಲೆ ಇರುವವರಿಗೆ ಏನು ದಾಖಲೆ? ಹೊರಗೆ ನೋಡಿದರೆ ಅವರು ಸರಿ ಕಾಣುತ್ತಾರೆ.

ಇದೇ ಎಲ್ಲಕ್ಕಿಂತ ಕಷ್ಟದ ಅರ್ಜಿ, ಹೆಚ್ಚು ತಯಾರಿ ಬೇಕಾದದ್ದೂ ಇದೇ. ಡಾಕ್ಟರು ಇಲ್ಲಿ ಬಳಸುವ ಅಳತೆಗೆ ಐಡಿಯಾಸ್ ಅನ್ನುತ್ತಾರೆ. ಅದರಲ್ಲಿ ನಾಲ್ಕು ಸಂಗತಿ ನೋಡುತ್ತಾರೆ: ತನ್ನ ಸ್ನಾನ, ಊಟ, ಬಟ್ಟೆ ತಾನೇ ನೋಡಿಕೊಳ್ಳುವುದು, ಮನೆ ಮಂದಿ, ನೆರೆಹೊರೆಯ ಜೊತೆ ಹೊಂದಿಕೊಳ್ಳುವುದು, ಮಾತುಕತೆ, ಕೆಲಸ. ಜೊತೆಗೆ ಕಾಯಿಲೆ ಎಷ್ಟು ಕಾಲದಿಂದ ಇದೆ ಅನ್ನುವುದಕ್ಕೂ ಅಂಕ ಇದೆ. ಆದ್ದರಿಂದ ಚಿಕಿತ್ಸೆಯ ನಿರಂತರ ದಾಖಲೆ ಬಹಳ ಮುಖ್ಯ. ಗುಳಿಗೆ ತೆಗೆದುಕೊಂಡ ಚೀಟಿ ಒಂದನ್ನೂ ಬಿಸಾಡಬೇಡಿ. ಮೇಲೆ ಹೇಳಿದ 'ಒಂದೆರಡು ಸಾಕು' ಅನ್ನುವ ಮಾತು ಇವರಿಗೆ ಅನ್ವಯಿಸುವುದಿಲ್ಲ.

ಚೀಟಿಯ ಜೊತೆ ಮನೆಯವರು ಒಂದು ನೋಟ್‌ಬುಕ್ ಇಡಿ. ಅದು ಸರ್ಕಾರ ಕೇಳುವ ದಾಖಲೆ ಅಲ್ಲ. ಆದರೆ ಡಾಕ್ಟರ ಮುಂದೆ ಕುಳಿತಾಗ ನೆನಪು ಕೈಕೊಡುವುದಿಲ್ಲ. "ಹುಚ್ಚು ಜಾಸ್ತಿ ಆಗ್ಯದ" ಅಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

ಸೋಮವಾರ. ಸ್ನಾನಕ್ಕೆ ನಾಲ್ಕು ಸಲ ಕರೆದೆವು, ಬರಲಿಲ್ಲ. ರೊಟ್ಟಿ ಕೈಗೆ ಕೊಟ್ಟರೆ ತಿಂದ, ತಾನಾಗಿ ಕೇಳಲಿಲ್ಲ.
ಬುಧವಾರ. ರಾತ್ರಿ ಮಲಗಲಿಲ್ಲ. ಗೋಡೆ ಕಡೆ ತಿರುಗಿ ಒಬ್ಬನೇ ಮಾತಾಡಿದ.
ಶುಕ್ರವಾರ. ಎತ್ತಿಗೆ ಮೇವು ಹಾಕಲು ಹೇಳಿದೆವು. ಹಗ್ಗ ಹಿಡಿದು ಅಲ್ಲೇ ನಿಂತುಬಿಟ್ಟ. ತಮ್ಮ ಹೋಗಿ ಹಾಕಿ ಬಂದ.

ಇಷ್ಟು ಸಾಕು. ಮೇವು ಹಾಕಲು ಆಗದ್ದು ಕೆಲಸದ ಲೆಕ್ಕಕ್ಕೆ, ಸ್ನಾನ ಮಾಡದ್ದು ಸ್ವಂತ ಆರೈಕೆಯ ಲೆಕ್ಕಕ್ಕೆ ಬರುತ್ತದೆ. ಚೆನ್ನಾಗಿದ್ದ ದಿನ ಇದ್ದರೆ ಅದನ್ನೂ ಬರೆಯಿರಿ. ಬರೀ ಕೆಟ್ಟ ದಿನ ಮಾತ್ರ ಇರುವ ನೋಟ್‌ಬುಕ್ಕನ್ನು ಯಾವ ಡಾಕ್ಟರೂ ನಂಬುವುದಿಲ್ಲ.

ಚಿಕಿತ್ಸೆ ಎಲ್ಲೂ ಶುರುವಾಗಿಲ್ಲ, ಬರೀ ದೇವರು ದಿಂಡರು ಅಂತ ತಿರುಗಿದ್ದೀರಿ ಅಂದರೆ ಮೊದಲು ಚಿಕಿತ್ಸೆಗೆ ಹೋಗಿ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ಬಂದು ನೋಡುತ್ತಾರೆ. ಹೆಚ್ಚಿನ ತೊಂದರೆಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಸರ್ಟಿಫಿಕೇಟ್ ಆಮೇಲೆ, ಮನುಷ್ಯನ ನೆಮ್ಮದಿ ಮೊದಲು.

ಬೋರ್ಡ್ ಮುಂದೆ ಸ್ವಲ್ಪ ಜಾಸ್ತಿ ಮಾಡಿ ಹೇಳಿದರೆ ಪರ್ಸೆಂಟ್ ಹೆಚ್ಚು ಬರುತ್ತದೆ ಅಂತಾರೆ, ಹೌದಾ?

ಬೇಡ. ಕೈ ಎತ್ತಲು ಬರುವುದಿಲ್ಲ ಅಂದವರು ಅಂಗಿ ಹಾಕಿಕೊಳ್ಳುವಾಗ ಎತ್ತುತ್ತಾರೆ, ಡಾಕ್ಟರು ಅದನ್ನೇ ನೋಡುತ್ತಿರುತ್ತಾರೆ. ಒಮ್ಮೆ ನಂಬಿಕೆ ಹೋದರೆ ನಿಜವಾದ ನೋವನ್ನೂ ನಂಬುವುದಿಲ್ಲ. ಸುಳ್ಳು ಹೇಳಿ ಸೌಲಭ್ಯ ಪಡೆದರೆ 2016ರ ಕಾಯ್ದೆಯ 91ನೇ ಕಲಂ ಪ್ರಕಾರ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಆದರೆ ನಮ್ಮ ಜನರಲ್ಲಿ ಇದಕ್ಕೆ ಉಲ್ಟಾ ಆಗುವುದೇ ಹೆಚ್ಚು. ಡಾಕ್ಟರು "ನಡೆಯಲಿಕ್ಕೆ ಬರ್ತದೇನಜ್ಜಾ?" ಅಂತ ಕೇಳಿದರೆ ಮರ್ಯಾದೆಗೆ "ಹೂಂ ಸಾಹೇಬ್ರ, ನಡೀತೀನಿ" ಅಂದುಬಿಡುತ್ತಾರೆ. ಬಚ್ಚಲಿಗೆ ಹೋಗಲು ಮೊಮ್ಮಗನ ಹೆಗಲು ಬೇಕು ಅನ್ನುವುದನ್ನು ಹೇಳುವುದಿಲ್ಲ. ಹೆಂಗಸರು ಇನ್ನೂ ಸಂಕೋಚ ಪಡುತ್ತಾರೆ. ಎಷ್ಟು ದೂರ ನಡೆಯುತ್ತೀರಿ, ಎಲ್ಲಿ ಕೂರುತ್ತೀರಿ, ಯಾರ ಸಹಾಯ ಬೇಕು, ನೆಲದ ಮೇಲೆ ಕುಳಿತು ಏಳಲು ಆಗುತ್ತದಾ, ಇದನ್ನು ಇದ್ದಂತೆ ಹೇಳಿ. ಇದ್ದದ್ದನ್ನು ಹೇಳುವುದು ಭಿಕ್ಷೆ ಕೇಳಿದ ಹಾಗಲ್ಲ. ಕೋಲು, ಕ್ಯಾಲಿಪರ್, ಶ್ರವಣ ಯಂತ್ರ ಬಳಸುತ್ತಿದ್ದರೆ ಆ ದಿನ ಮನೆಯಲ್ಲಿ ಬಿಟ್ಟು ಹೋಗಬೇಡಿ.

ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು ಇದೆ. ಏನು ಮಾಡಲಿ?

ನಮ್ಮ ಮೂರೂ ಜಿಲ್ಲೆಗಳಲ್ಲಿ ಅರ್ಜಿ ಕೆಡುವುದಕ್ಕೆ ಇದು ದೊಡ್ಡ ಕಾರಣ. ಆಧಾರಿನಲ್ಲಿ ಅಡ್ಡಹೆಸರು ಮೊದಲು, ರೇಶನ್ ಕಾರ್ಡಿನಲ್ಲಿ ಕೊನೆಗೆ. ಆಸ್ಪತ್ರೆಯ ಚೀಟಿಯಲ್ಲಿ 'ಕಸ್ತೂರೆವ್ವ', ಆಧಾರಿನಲ್ಲಿ 'ಕಸ್ತೂರಿ'. ಮದುವೆಯಲ್ಲಿ ಹೆಸರನ್ನೇ ಬದಲಿಸಿದ ಹೆಣ್ಣುಮಕ್ಕಳದು ಇನ್ನೂ ಪಜೀತಿ. ತವರಿನ ಕಾಗದ ಒಂದು ಹೆಸರಿನಲ್ಲಿ, ಗಂಡನ ಮನೆಯದು ಇನ್ನೊಂದರಲ್ಲಿ.

ಆಧಾರನ್ನು ಆಧಾರ ಮಾಡಿಕೊಳ್ಳಿ. ಅದರಲ್ಲಿ ತಪ್ಪಿದ್ದರೆ ಬೇರೆ ಏನೂ ಮಾಡುವ ಮೊದಲೇ ಅದನ್ನು ತಿದ್ದಿಸಿ. ಆಮೇಲೆ ಯುಡಿಐಡಿ ಅರ್ಜಿ, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಎಲ್ಲವೂ ಅದೇ ಅಕ್ಷರದಲ್ಲಿ ಇರಲಿ. ಹಳೆ ಆಸ್ಪತ್ರೆ ಕಾಗದದ ಹೆಸರು ಬೇರೆ ಇದ್ದರೆ, ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಡಿ. ಸರ್ಟಿಫಿಕೇಟ್ ಬಂದ ಮೇಲೆ ಹೆಸರು ತಿದ್ದಿಸುವುದು ಬಹಳ ಓಡಾಟದ ಕೆಲಸ.

ನಾಡಕಚೇರಿಯಲ್ಲಿ ಏನೇನು ಕೊಡಬೇಕು?

ಯುಡಿಐಡಿ ಕಾರ್ಡ್ ಮತ್ತು ಸರ್ಟಿಫಿಕೇಟ್, ಆಧಾರ್, ರೇಶನ್ ಕಾರ್ಡ್, ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆ ಅಚ್ಚಾದ ನಂಬರ್) ಇರುವ ಆದಾಯ ಪ್ರಮಾಣಪತ್ರ, ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್, ಫೋಟೋ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ ಇರುತ್ತದೆ, ಮುಗಿದಿದೆಯಾ ಅಂತ ನೋಡಿಕೊಳ್ಳಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದರ ಸಂಖ್ಯೆ ಇಲ್ಲದೆ ಮುಂದೆ ಯಾರನ್ನೂ ಏನೂ ಕೇಳಲು ಬರುವುದಿಲ್ಲ.

ತಲಾಠಿ ಮನೆಗೆ ಬಂದು ವಿಚಾರಿಸುತ್ತಾರೆ, ನೆರೆಯವರ ಸಹಿ ಹಾಕಿಸಿ ಪಂಚನಾಮೆ ಮಾಡಬಹುದು. ಇಲ್ಲಿ ತೊಡಕಾಗುವುದು ಉತಾರ, ಅಂದರೆ ಹೊಲದ ಪಹಣಿ. ಅಜ್ಜನ ಹೆಸರಿನ ಹತ್ತು ಎಕರೆ ಇನ್ನೂ ವಾಟ್ನಿ (ಪಾಲು) ಆಗಿಲ್ಲ, ನಾಲ್ಕು ಜನ ಅಣ್ಣತಮ್ಮಂದಿರು ಉಳುತ್ತಿದ್ದಾರೆ. ಉತಾರ ನೋಡಿದರೆ ಹತ್ತು ಎಕರೆಯ ಮನೆತನ ಅನ್ನಿಸುತ್ತದೆ. ನಿಮ್ಮ ಪಾಲಿಗೆ ನಿಜವಾಗಿ ಎಷ್ಟು, ನೀರಾವರಿಯೋ ಒಣಬೇಸಾಯವೋ, ಬೇರೆ ಒಲೆ ಹೂಡಿ ಎಷ್ಟು ದಿನ ಆಯಿತು ಅಂತ ತಲಾಠಿಗೆ ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಬರೆದು ಕೊಡಿ. ಬೇರೆ ರೇಶನ್ ಕಾರ್ಡ್ ಇದ್ದರೆ ಅದು ನಿಮ್ಮ ಕಡೆಗೆ ಗಟ್ಟಿ ದಾಖಲೆ. ಕಬ್ಬು ಕಡಿಯಲು ಊರು ಬಿಟ್ಟು ಹೋಗುವವರು ಯಾವ ತಿಂಗಳು ಮನೆಯಲ್ಲಿ ಇರುವುದಿಲ್ಲ ಅಂತ ಮೊದಲೇ ತಿಳಿಸಿ. ಬೀಗ ಹಾಕಿದ ಮನೆ ನೋಡಿ 'ವಾಸ ಇಲ್ಲ' ಅಂತ ಬರೆದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಮಕ್ಕಳಿಗೆ ತಾತ್ಕಾಲಿಕ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಯಾಕೆ?

ಮಗು ಬೆಳೆಯುತ್ತಾ ಸ್ಥಿತಿ ಬದಲಾಗಬಹುದು ಅಂತ. ಬುದ್ಧಿಮಾಂದ್ಯತೆ ಇದ್ದರೆ 5, 10 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಆಗಬೇಕು. ಅವಧಿ ಮುಗಿಯುವ ಕೆಲವು ತಿಂಗಳ ಮೊದಲೇ ಹೊಸ ಅರ್ಜಿ ಹಾಕಿ. 2024ರ ಅಕ್ಟೋಬರ್‌ನ ತಿದ್ದುಪಡಿಯ ನಂತರ ಸರ್ಟಿಫಿಕೇಟ್ ಕೊಡಲು 3 ತಿಂಗಳ ಕಾಲಾವಕಾಶ ಇದೆ, ಮೊದಲು 1 ತಿಂಗಳು ಇತ್ತು. ಅದೇ ತಿದ್ದುಪಡಿಯಲ್ಲಿ ಕಾರ್ಡಿಗೆ ಬಣ್ಣ ಬಂತು: 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ.

ಹಾಸಿಗೆ ಹಿಡಿದವರನ್ನು ಹೇಗೆ ಕರೆದುಕೊಂಡು ಹೋಗುವುದು?

ಗ್ರಾಮ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ. ತಾಲೂಕಿಗೆ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸ್ವತಃ ಅಂಗವಿಕಲರೇ, ದಾರಿಯ ಕಷ್ಟ ಅವರಿಗೆ ಗೊತ್ತು. ತಾಲೂಕಿನಲ್ಲಿ ತಪಾಸಣಾ ಶಿಬಿರ ಯಾವಾಗ ಅನ್ನುವುದು ಮೊದಲು ಅವರಿಗೆ ತಿಳಿಯುತ್ತದೆ. ಹಾಸಿಗೆ ಬಿಟ್ಟು ಏಳಲಾಗದವರ ಹೆಸರನ್ನು ಬರೆದು ಕೊಟ್ಟು, ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೂ ಒಂದು ಪ್ರತಿ ಕಳಿಸಿ.

ಪರ್ಸೆಂಟ್ ಕಡಿಮೆ ಕೊಟ್ಟಿದ್ದಾರೆ ಅಥವಾ ಅರ್ಜಿ ತಿರಸ್ಕಾರ ಆಗಿದೆ. ಮುಂದೇನು?

ಮೊದಲು ಯಾವ ಟೇಬಲಿನಲ್ಲಿ ತಿರಸ್ಕಾರ ಆಯಿತು, ಕಾರಣ ಏನು ಅಂತ ಬರವಣಿಗೆಯಲ್ಲಿ ಪಡೆಯಿರಿ. ಆಸ್ಪತ್ರೆಯಲ್ಲಿ ಆಗಿದ್ದರೆ 2016ರ ಕಾಯ್ದೆಯ 59ನೇ ಕಲಂ ಪ್ರಕಾರ ಮೇಲ್ಮನವಿ ಹಾಕುವ ಹಕ್ಕಿದೆ. ಯಾರಿಗೆ, ಎಷ್ಟು ದಿನದೊಳಗೆ ಅಂತ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ತಕ್ಷಣ ಕೇಳಿ, ತಡ ಮಾಡಬೇಡಿ. ಹೋಗುವಾಗ ಹೊಸ ದಾಖಲೆ ಇರಬೇಕು. ಮೊದಲು ತೋರಿಸಿದ್ದನ್ನೇ ಮತ್ತೆ ತೋರಿಸಿದರೆ ಉತ್ತರವೂ ಅದೇ ಬರುತ್ತದೆ. ಮೊದಲ ಸಲ ಬಿಟ್ಟುಹೋದ ಎಂಆರ್‌ಐ, ಬೇರೆ ತಜ್ಞರ ವರದಿ, ಇಂಥದ್ದು ತನ್ನಿ.

ಕಂದಾಯ ಇಲಾಖೆಯಲ್ಲಿ ನಿಂತಿದ್ದರೆ ಸ್ವೀಕೃತಿ ಚೀಟಿಯಲ್ಲಿರುವ ಸಕಾಲ ಸಂಖ್ಯೆ ಹಿಡಿದು ಮೇಲ್ಮನವಿ ಹಾಕಬಹುದು. ಫೈಲಿನಲ್ಲಿ ಏನು ಬರೆದಿದ್ದಾರೆ ನೋಡಬೇಕು ಅಂದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ವಕೀಲರು ಬೇಕಾದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಅಂಗವಿಕಲರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ, ಆದಾಯ ಎಷ್ಟು ಅಂತ ನೋಡುವುದಿಲ್ಲ.

ಏಜೆಂಟ್ ದುಡ್ಡು ಕೇಳುತ್ತಿದ್ದಾನೆ, ಕೊಟ್ಟರೆ ಬೇಗ ಆಗುತ್ತದಂತೆ.

ಕೊಡಬೇಡಿ. ಪರ್ಸೆಂಟ್ ಬರೆಯುವವರು ಡಾಕ್ಟರು, ಅವನಲ್ಲ. ನಿಮ್ಮ ಮೂಲ ಕಾಗದ, ಎಟಿಎಂ ಕಾರ್ಡ್, ಒಟಿಪಿ ಅವನ ಕೈ ಸೇರಿದರೆ ಮುಂದೆ ಬರುವ ಪಗಾರವೂ ಅವನದಾಗುತ್ತದೆ.

ಮಂಜೂರು ಆಗಿದೆ, ಹಣ ಬರುತ್ತಿಲ್ಲ. ಅಥವಾ ನಡುವೆ ನಿಂತಿದೆ.

ಬಹಳ ಸಲ ಬ್ಯಾಂಕಿನದೇ ತೊಂದರೆ. ಖಾತೆಗೆ ಆಧಾರ್ ಜೋಡಿಸಿದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಈ ಖಾತೆಗೇ ಬರಲಿ ಅನ್ನುವ ಜೋಡಣೆ, ಆಗಿರಬೇಕು. ಎರಡು ಮೂರು ಖಾತೆ ಇದ್ದವರ ಹಣ ಕೊನೆಗೆ ಮ್ಯಾಪ್ ಆದ ಖಾತೆಗೆ ಹೋಗಿರುತ್ತದೆ, ಅವರು ಹಳೆ ಪಾಸ್‌ಬುಕ್ ತೋರಿಸುತ್ತ ಅಳುತ್ತಿರುತ್ತಾರೆ. ಎಲ್ಲ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ.

ಅಲ್ಲೂ ಇಲ್ಲದಿದ್ದರೆ ತಾತ್ಕಾಲಿಕ ಸರ್ಟಿಫಿಕೇಟಿನ ಅವಧಿ ಮುಗಿದಿದೆಯಾ, ಯುಡಿಐಡಿ ಇಲ್ಲದ ಹಳೆ ಸರ್ಟಿಫಿಕೇಟ್ ಇನ್ನೂ ಆನ್‌ಲೈನ್ ಆಗಿಲ್ಲವಾ, ಪರಿಶೀಲನೆಯಲ್ಲಿ 'ಮರಣ' ಅಥವಾ 'ವಲಸೆ' ಅಂತ ತಪ್ಪಾಗಿ ಬಿದ್ದಿದೆಯಾ ಅಂತ ನಾಡಕಚೇರಿಯಲ್ಲಿ ಕೇಳಿ. ಪಿಂಚಣಿ ಆದೇಶದ ನಕಲು, ಕೊನೆಯ ಸಲ ಹಣ ಬಂದ ಪಾಸ್‌ಬುಕ್ ಪುಟ, ಆಧಾರ್, ಯುಡಿಐಡಿ, ಇಷ್ಟರ ಝೆರಾಕ್ಸ್ ಸೇರಿಸಿ ತಹಶೀಲ್ದಾರ್ ಹೆಸರಿಗೆ ಅರ್ಜಿ ಕೊಡಿ. ನಿಂತ ತಿಂಗಳು ಯಾವುದು ಅಂತ ಸ್ಪಷ್ಟವಾಗಿ ಬರೆಯಿರಿ, ಬಾಕಿ ಹಣವನ್ನೂ ಅದೇ ಅರ್ಜಿಯಲ್ಲಿ ಕೇಳಿ, ಸೀಲ್ ಹಾಕಿದ ಪ್ರತಿ ಮನೆಗೆ ತನ್ನಿ.